ಪ್ಲೇ ಸ್ಟೋರ್ ಇಲ್ಲದ ಟಿವಿ ಬಾಕ್ಸ್‌ಗೆ ಆ್ಯಪ್ ಹಾಕುವುದು: ಒಳಗೆ ಏನು ನಡೆಯುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ

ಟಿವಿಗೆ ಜೋಡಿಸಲು ಒಂದು ಆಂಡ್ರಾಯ್ಡ್ ಬಾಕ್ಸ್ ತಂದಿದ್ದೀರಿ. ಆನ್ ಮಾಡಿದರೆ ಒಂದು ಬ್ರೌಸರ್, ಒಂದು ಫೈಲ್ ಮ್ಯಾನೇಜರ್, ಒಂದು ವಿಡಿಯೊ ಪ್ಲೇಯರ್ ಇವೆ, ಪ್ಲೇ ಸ್ಟೋರ್ ಮಾತ್ರ ಇಲ್ಲ. ಅಥವಾ ಮನೆಯಲ್ಲಿ ಫೈರ್ ಟಿವಿ ಸ್ಟಿಕ್ ಇದೆ, ಅದರಲ್ಲಿರುವುದು ಅಮೆಜಾನ್‌ನ ಸ್ಟೋರ್, ನಿಮಗೆ ಬೇಕಾದ ಆ್ಯಪ್ ಅಲ್ಲಿ ಸಿಗುತ್ತಿಲ್ಲ. ಇಂಥ ಕಡೆ ಆ್ಯಪ್ ಹಾಕಬಹುದಾ ಅಂದರೆ, ಹಾಕಬಹುದು. ತೀರಾ ಕಷ್ಟವೂ ಇಲ್ಲ. ಆದರೆ ಇದರ ಬಗ್ಗೆ ಸಿಗುವ ವಿಡಿಯೊಗಳಲ್ಲಿ ಹೆಚ್ಚಿನವು "ಈ ಸೆಟ್ಟಿಂಗ್ ಆನ್ ಮಾಡಿ, ಈ ಫೈಲ್ ಒತ್ತಿ" ಅಂತ ಹೇಳಿ ಮುಗಿಸಿಬಿಡುತ್ತವೆ. ಫೈಲ್ ಇನ್‌ಸ್ಟಾಲ್ ಆಗದಿದ್ದರೆ ಯಾಕೆ ಆಗಲಿಲ್ಲ, ಆದ ಮೇಲೂ ಹೋಮ್ ಸ್ಕ್ರೀನಿನಲ್ಲಿ ಯಾಕೆ ಕಾಣುತ್ತಿಲ್ಲ, ಕಂಡರೂ ವಿಡಿಯೊ ಯಾಕೆ ಮಸುಕು ಮಸುಕಾಗಿ ಬರುತ್ತಿದೆ ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಆ "ಯಾಕೆ"ಗಳನ್ನೇ ಇಲ್ಲಿ ಬಿಡಿಸಿ ಹೇಳಬೇಕು ಅಂದುಕೊಂಡಿದ್ದೇನೆ.

ಫೋನಿನಲ್ಲಿ ಪ್ಲೇ ಸ್ಟೋರ್ ತೆರೆದು "ಇನ್‌ಸ್ಟಾಲ್" ಒತ್ತಿದಾಗ ನಮಗೆ ಕಾಣದ ಹಾಗೆ ಅದು ಒಂದಷ್ಟು ಕೆಲಸ ಮುಗಿಸುತ್ತದೆ. ನಿಮ್ಮ ಫೋನಿನ ಚಿಪ್ ಯಾವುದು, ಆಂಡ್ರಾಯ್ಡ್ ವರ್ಷನ್ ಯಾವುದು ಅಂತ ನೋಡಿ, ಅದಕ್ಕೆ ಹೊಂದುವ ಫೈಲನ್ನೇ ಆರಿಸಿ ಕಳಿಸುತ್ತದೆ. ಆ ಫೈಲ್ ನಿಜವಾದ ತಯಾರಕರಿಂದಲೇ ಬಂದದ್ದು ಅಂತ ನೋಡಿಕೊಳ್ಳುತ್ತದೆ. ಟಿವಿಗೆ ಹೊಂದದ ಆ್ಯಪ್‌ಗಳನ್ನು ಟಿವಿಯಲ್ಲಿ ತೋರಿಸುವುದೇ ಇಲ್ಲ. ಹೊಸ ವರ್ಷನ್ ಬಂದಾಗ ತಾನೇ ತಂದು ಹಾಕುತ್ತದೆ. ಸ್ಟೋರ್ ಇಲ್ಲದ ಕಡೆ ಈ ಎಲ್ಲ ಕೆಲಸವೂ ನಿಮ್ಮ ಪಾಲಿಗೆ ಬರುತ್ತದೆ. ಇಷ್ಟು ಮನಸ್ಸಿನಲ್ಲಿದ್ದರೆ ಮುಂದಿನದು ಸಲೀಸು, ಯಾಕೆಂದರೆ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಇವುಗಳಲ್ಲಿ ಯಾವುದೋ ಒಂದನ್ನು ಮಾಡದೆ ಬಿಟ್ಟದ್ದರಿಂದ ಬಂದಿರುತ್ತವೆ.

ಮೊದಲು ಸ್ಟೋರ್ ಯಾಕಿಲ್ಲ ಅಂತ ನೋಡೋಣ. ಆಂಡ್ರಾಯ್ಡ್‌ನ ಮೂಲ ಸಾಫ್ಟ್‌ವೇರ್ ಎಲ್ಲರಿಗೂ ಮುಕ್ತ. ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಪೆಟ್ಟಿಗೆಗೆ ಹಾಕಬಹುದು. ಪ್ಲೇ ಸ್ಟೋರ್ ಮತ್ತು ಅದರ ಜೊತೆಗಿರುವ ಪ್ಲೇ ಸರ್ವೀಸಸ್ ಮಾತ್ರ ಗೂಗಲ್‌ನ ಸ್ವಂತದ್ದು. ಅವು ಬೇಕಿದ್ದರೆ ಗೂಗಲ್ ಜೊತೆ ಒಪ್ಪಂದ ಮಾಡಿಕೊಂಡು, ಅವರ ಪರೀಕ್ಷೆಗಳಲ್ಲಿ ಪಾಸಾಗಬೇಕು. 2014ರ ಜೂನ್‌ನಲ್ಲಿ ಗೂಗಲ್ ಆಂಡ್ರಾಯ್ಡ್ ಟಿವಿ ಪ್ರಕಟಿಸಿದ ಮೇಲೆ ಬಂದ ಸರ್ಟಿಫೈಡ್ ಬಾಕ್ಸ್‌ಗಳಲ್ಲಿ ಇದೆಲ್ಲ ಸರಿಯಾಗಿರುತ್ತದೆ. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಮಾರುಕಟ್ಟೆಗಳಲ್ಲಿ, ಆನ್‌ಲೈನ್‌ನಲ್ಲಿ ಕಡಿಮೆ ದುಡ್ಡಿಗೆ ಸಿಗುವ ಹೆಸರಿಲ್ಲದ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಟ್ಯಾಬ್ಲೆಟ್‌ಗೆ ಹಾಕುವ ಆಂಡ್ರಾಯ್ಡ್, ಅದನ್ನೇ ದೊಡ್ಡ ಪರದೆಗೆ ಎಳೆದು ಕೂರಿಸಿರುತ್ತಾರೆ. ಅಮೆಜಾನ್ ಕೂಡ ಅದೇ ಮುಕ್ತ ಆಂಡ್ರಾಯ್ಡ್ ತೆಗೆದುಕೊಂಡು ತನ್ನ ಫೈರ್ ಓಎಸ್ ಮಾಡಿಕೊಂಡಿದೆ. ಅದರಲ್ಲಿ ಗೂಗಲ್‌ನ ಪ್ಲೇ ಸ್ಟೋರ್, ಪ್ಲೇ ಸರ್ವೀಸಸ್ ಇಲ್ಲ. ಅದು ಓಡುವ ಫೈರ್ ಟಿವಿ ಸ್ಟಿಕ್ ಭಾರತಕ್ಕೆ ಬಂದದ್ದು 2017ರಲ್ಲಿ.

ಕೆಲವರು ಪರವಾನಗಿ ಇಲ್ಲದೆಯೇ ಪ್ಲೇ ಸ್ಟೋರ್ ತುರುಕಿ ಮಾರುತ್ತಾರೆ. ಅಂಥದ್ದರಲ್ಲಿ ಲಾಗಿನ್ ಆಗಲು ಹೋದರೆ "ಈ ಸಾಧನ ಸರ್ಟಿಫೈಡ್ ಅಲ್ಲ" ಅಂತ ಬರಬಹುದು. 2018ರಿಂದ ಗೂಗಲ್ ಇದನ್ನು ಬಿಗಿ ಮಾಡಿದೆ. ಅದರ ಹಿಂದೆ ಬಿದ್ದು ಒದ್ದಾಡುವ ಬದಲು, ಸ್ಟೋರ್ ಇಲ್ಲ ಅಂತಲೇ ಲೆಕ್ಕ ಹಿಡಿದು ಮುಂದೆ ಹೋಗುವುದು ವಾಸಿ.

ಇನ್ನೊಂದು ವಿಷಯ ಶುರುವಿನಲ್ಲೇ ಹೇಳಿಬಿಡುತ್ತೇನೆ. ಟಿವಿಯಲ್ಲಿ ಆ್ಯಪ್ ಕಂಡ ಮಾತ್ರಕ್ಕೆ ಅದು ಆಂಡ್ರಾಯ್ಡ್ ಆಗಿರಬೇಕಿಲ್ಲ. ಸ್ಯಾಮ್‌ಸಂಗ್ ಟಿವಿಯಲ್ಲಿರುವುದು ಟೈಜನ್, ಎಲ್‌ಜಿಯಲ್ಲಿ ವೆಬ್‌ಓಎಸ್, ಆ್ಯಪಲ್ ಟಿವಿಯದ್ದು ಬೇರೆ, ರೋಕುದ್ದು ಬೇರೆ. ಇವುಗಳಲ್ಲಿ ಆಂಡ್ರಾಯ್ಡ್ ಆ್ಯಪ್ ಯಾವ ದಾರಿಯಲ್ಲೂ ಓಡುವುದಿಲ್ಲ. ಫೈರ್ ಟಿವಿಯಲ್ಲೂ ಈಗ ಜಾಗ್ರತೆ ಬೇಕು. 2025ರ ಕೊನೆಯಲ್ಲಿ ಬಂದ ಫೈರ್ ಟಿವಿ ಸ್ಟಿಕ್ 4ಕೆ ಸೆಲೆಕ್ಟ್‌ನಲ್ಲಿ ಆಂಡ್ರಾಯ್ಡ್ ಬಿಟ್ಟು ಲಿನಕ್ಸ್ ಮೇಲೆ ಕಟ್ಟಿದ ವೇಗಾ ಓಎಸ್ ಹಾಕಿದ್ದಾರೆ. ಅದಕ್ಕೆ ಅಮೆಜಾನ್ ಸ್ಟೋರ್‌ನಿಂದ ಬಿಟ್ಟು ಬೇರೆ ಕಡೆಯಿಂದ ಆ್ಯಪ್ ಹಾಕಲು ಆಗುವುದಿಲ್ಲ. ಹೊರಗಿನ ಆ್ಯಪ್ ಹಾಕಬೇಕು ಅಂತಲೇ ಸ್ಟಿಕ್ ಕೊಳ್ಳುವವರು ಬಿಲ್ ಮಾಡಿಸುವ ಮೊದಲು ಇದನ್ನು ನೋಡಿಕೊಳ್ಳಿ, ಹೆಸರುಗಳು ಒಂದೇ ಥರ ಇರುವುದರಿಂದ ಗೊಂದಲ ಆಗುವುದು ತೀರಾ ಸುಲಭ.

ಈಗ ಎಪಿಕೆ. ಆಂಡ್ರಾಯ್ಡ್ ಆ್ಯಪ್ ಬರುವುದು ಎಪಿಕೆ ಅನ್ನುವ ಫೈಲ್ ರೂಪದಲ್ಲಿ. ನಿಜಕ್ಕೂ ಅದೊಂದು ಜಿಪ್ ಫೈಲ್. ಕಂಪ್ಯೂಟರಿನಲ್ಲಿ ಹೆಸರು ಬದಲಾಯಿಸಿ ಬಿಚ್ಚಿದರೆ ಒಳಗಿನದ್ದೆಲ್ಲ ಕಾಣುತ್ತದೆ. ಆ್ಯಪ್‌ನ ಹೆಸರು, ಅದಕ್ಕೆ ಯಾವ ಯಾವ ಅನುಮತಿ ಬೇಕು, ಕಡಿಮೆ ಅಂದರೆ ಯಾವ ಆಂಡ್ರಾಯ್ಡ್ ಬೇಕು ಅಂತ ಬರೆದಿರುವ ಮ್ಯಾನಿಫೆಸ್ಟ್ ಅದರಲ್ಲಿದೆ. ಮುಖ್ಯ ಕೋಡ್ ಇದೆ, ಚಿತ್ರ ಮತ್ತು ಅಕ್ಷರಗಳಿವೆ, ಚಿಪ್‌ಗೆ ತಕ್ಕ ಹಾಗೆ ಬರೆದ ಲೈಬ್ರರಿಗಳಿವೆ. ಇದೆಲ್ಲದರ ಮೇಲೆ ತಯಾರಕರ ಡಿಜಿಟಲ್ ಸಹಿ ಇದೆ. ಒಳಗಿನ ಒಂದು ಅಕ್ಷರ ಬದಲಾದರೂ ಸಹಿ ತಾಳೆ ಆಗುವುದಿಲ್ಲ, ಆಂಡ್ರಾಯ್ಡ್ ಅದನ್ನು ಇನ್‌ಸ್ಟಾಲ್ ಮಾಡುವುದಿಲ್ಲ.

ಜನ ಹೆಚ್ಚು ಸಿಕ್ಕಿಕೊಳ್ಳುವುದು ಚಿಪ್ ವಿಷಯದಲ್ಲಿ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಟಿವಿ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್ಮ್ ಜಾತಿಯ ಚಿಪ್. ಅದರಲ್ಲಿ 32 ಬಿಟ್, 64 ಬಿಟ್ ಅಂತ ಎರಡು. ಡೌನ್‌ಲೋಡ್ ಪುಟದಲ್ಲಿ "ಆರ್ಮ್ ವಿ7ಎ" ಅಂತ ಇದ್ದರೆ 32 ಬಿಟ್, "ಆರ್ಮ್ 64" ಅಥವಾ "ವಿ8ಎ" ಅಂತ ಇದ್ದರೆ 64 ಬಿಟ್. ಚಿಪ್ 64 ಬಿಟ್ ಅಂತ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ, ನಾವು ಅದನ್ನು ನಂಬಿ 64 ಬಿಟ್ ಫೈಲ್ ಇಳಿಸುತ್ತೇವೆ, ಇನ್‌ಸ್ಟಾಲ್ ಆಗುವುದಿಲ್ಲ. ಯಾಕೆಂದರೆ ಚಿಪ್ 64 ಬಿಟ್ ಆದರೂ ಮೆಮೊರಿ ಉಳಿಸಲು ಅದರ ಮೇಲೆ 32 ಬಿಟ್ ಆಂಡ್ರಾಯ್ಡ್ ಹಾಕಿರುವುದು ಈ ಲೋಕದಲ್ಲಿ ಮಾಮೂಲು. ಆಮ್‌ಲಾಜಿಕ್ ಎಸ್905 ಸರಣಿಯ ಚಿಪ್ ಇರುವ ಎಷ್ಟೋ ಬಾಕ್ಸ್‌ಗಳಲ್ಲಿ ಹೀಗೇ ಇದೆ, ಫೈರ್ ಟಿವಿ ಸ್ಟಿಕ್‌ಗಳಲ್ಲೂ ಅಷ್ಟೇ. ಒಂದು ಅಥವಾ ಎರಡು ಜಿಬಿ ರ‍್ಯಾಮ್ ಇರುವ ಕಡೆ 64 ಬಿಟ್ ವ್ಯವಸ್ಥೆ ಜಾಸ್ತಿ ಜಾಗ ತಿನ್ನುತ್ತದೆ, ಅದಕ್ಕೆ ಹೀಗೆ ಮಾಡುತ್ತಾರೆ. ಅನುಮಾನ ಇದ್ದರೆ 32 ಬಿಟ್ ಫೈಲನ್ನೇ ತೆಗೆದುಕೊಳ್ಳಿ. ಬಾಕ್ಸ್‌ನಲ್ಲಿರುವುದು 64 ಬಿಟ್ ವ್ಯವಸ್ಥೆಯೇ ಆಗಿದ್ದರೂ ಸಾಮಾನ್ಯವಾಗಿ 32 ಬಿಟ್ ಆ್ಯಪ್ ಓಡುತ್ತದೆ. ಉಲ್ಟಾ ಮಾತ್ರ ಆಗುವುದಿಲ್ಲ.

ಆಮೇಲೆ ವರ್ಷನ್. ಪ್ರತಿ ಆಂಡ್ರಾಯ್ಡ್‌ಗೂ ಎಪಿಐ ಲೆವೆಲ್ ಅಂತ ಒಂದು ಸಂಖ್ಯೆ ಇದೆ. ಆಂಡ್ರಾಯ್ಡ್ 5ಕ್ಕೆ 21, 7ಕ್ಕೆ 24, 9ಕ್ಕೆ 28, 10ಕ್ಕೆ 29. ಆ್ಯಪ್ ಕೇಳುವ ಸಂಖ್ಯೆಗಿಂತ ಬಾಕ್ಸ್‌ನ ಸಂಖ್ಯೆ ಕಡಿಮೆ ಇದ್ದರೆ ಕೆಲಸ ಆಗುವುದಿಲ್ಲ, ಆಗ ಅದೇ ಆ್ಯಪ್‌ನ ಹಳೆಯ ವರ್ಷನ್ ಹುಡುಕಬೇಕು. ಅಗ್ಗದ ಬಾಕ್ಸ್‌ಗಳಲ್ಲಿ ಇಲ್ಲೂ ಮೋಸ ಇದೆ. ಸೆಟ್ಟಿಂಗ್ಸ್ ಪುಟದಲ್ಲಿ ಆಂಡ್ರಾಯ್ಡ್ 12 ಅಥವಾ 13 ಅಂತ ಬರೆದಿರುತ್ತದೆ, ಒಳಗೆ ಇರುವುದು 10. ಆ ಪುಟದಲ್ಲಿ ಕಾಣುವುದು ಬರೀ ಅಕ್ಷರ, ಅದನ್ನು ತಯಾರಕ ಹೇಗೆ ಬೇಕಾದರೂ ಬರೆಯಬಹುದು. ಐಡಾ64ನಂಥ ಮಾಹಿತಿ ತೋರಿಸುವ ಆ್ಯಪ್ ಹಾಕಿ ಎಪಿಐ ಲೆವೆಲ್ ಮತ್ತು 32 ಬಿಟ್ಟೋ 64 ಬಿಟ್ಟೋ ಎರಡನ್ನೂ ಒಟ್ಟಿಗೆ ನೋಡಿ ಬರೆದಿಟ್ಟುಕೊಂಡರೆ ಮುಂದೆ ಪ್ರತಿ ಸಲ ಊಹೆ ಮಾಡುವ ಕೆಲಸ ಇರುವುದಿಲ್ಲ.

ಈಚೆಗೆ ಇನ್ನೊಂದು ತೊಡಕು ಸೇರಿಕೊಂಡಿದೆ. 2021ರ ಆಗಸ್ಟ್‌ನಿಂದ ಪ್ಲೇ ಸ್ಟೋರ್‌ಗೆ ಹೊಸ ಆ್ಯಪ್ ಕೊಡುವವರು ಒಂದೇ ಎಪಿಕೆ ಕೊಡುವ ಹಾಗಿಲ್ಲ. ಬಂಡಲ್ ಅಂತ ಒಂದು ಗಂಟು ಕೊಡಬೇಕು, ಗೂಗಲ್ ಅದನ್ನು ಬಿಡಿ ಬಿಡಿ ಮಾಡಿ, ನಿಮ್ಮ ಚಿಪ್‌ನ ಭಾಗ, ನಿಮ್ಮ ಭಾಷೆಯ ಭಾಗ, ನಿಮ್ಮ ಪರದೆಯ ಅಳತೆಯ ಭಾಗ ಇಷ್ಟನ್ನು ಮಾತ್ರ ಕಳಿಸುತ್ತದೆ. ಊಟದ ಕ್ಯಾರಿಯರ್ ಇದ್ದ ಹಾಗೆ, ಡಬ್ಬಿಗಳೆಲ್ಲ ಸೇರಿದರೇ ಊಟ. ನೀವು ಎಲ್ಲಿಂದಲೋ ಮೂಲ ಎಪಿಕೆ ಒಂದನ್ನೇ ತಂದು ಹಾಕಿದರೆ ಇನ್‌ಸ್ಟಾಲ್ ಆಗುವುದಿಲ್ಲ, ಅಥವಾ ಆಗಿ ತೆರೆದ ತಕ್ಷಣ ಮುಚ್ಚಿಕೊಳ್ಳುತ್ತದೆ. ಡೌನ್‌ಲೋಡ್ ತಾಣಗಳಲ್ಲಿ ಎಪಿಕೆಎಸ್, ಎಕ್ಸ್‌ಎಪಿಕೆ, ಎಪಿಕೆಎಂ ಅಂತ ಕೊನೆಯಾಗುವ ಫೈಲ್‌ಗಳು ಕಾಣುತ್ತವಲ್ಲ, ಅವು ಇಂಥ ಭಾಗಗಳ ಕಟ್ಟು. ಫೈಲ್ ಮ್ಯಾನೇಜರ್‌ನಲ್ಲಿ ಒತ್ತಿದರೆ ಅವು ಇನ್‌ಸ್ಟಾಲ್ ಆಗುವುದಿಲ್ಲ. ಎಸ್‌ಎಐ, ಎಪಿಕೆಮಿರರ್ ಇನ್‌ಸ್ಟಾಲರ್‌ನಂಥ ಆ್ಯಪ್ ಮೂಲಕ ಹಾಕಬೇಕು. ಒಂದೇ ಎಪಿಕೆ ಸಿಗುವುದಾದರೆ ಅದನ್ನೇ ಹಿಡಿಯಿರಿ, ತಲೆನೋವು ಕಡಿಮೆ.

ಎಲ್ಲಿಂದ ತರಬೇಕು? ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಮೊದಲ ಆಯ್ಕೆ ತಯಾರಕರ ಸ್ವಂತ ತಾಣ. ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್ ಬೇಕಿದ್ದರೆ ಅದನ್ನು ಮಾಡುವ ವಿಡಿಯೊಲ್ಯಾನ್ ತಾಣದಲ್ಲೇ ಎಪಿಕೆ ಕೊಡುತ್ತಾರೆ. ಸಿನಿಮಾ, ಹಾಡುಗಳನ್ನು ಒಂದೇ ಕಡೆ ಜೋಡಿಸಿ ತೋರಿಸುವ ಕೋಡಿ ಬೇಕಿದ್ದರೆ ಕೋಡಿಯ ತಾಣದಲ್ಲಿ 32 ಬಿಟ್, 64 ಬಿಟ್ ಎರಡೂ ಬೇರೆ ಬೇರೆಯಾಗಿ ಇವೆ. ಅಮೆಜಾನ್ 2015ರಲ್ಲೇ ಕೋಡಿಯನ್ನು ತನ್ನ ಸ್ಟೋರ್‌ನಿಂದ ತೆಗೆದುಹಾಕಿತ್ತು, ಹಾಗಾಗಿ ಫೈರ್ ಟಿವಿಯಲ್ಲಿ ಕೋಡಿ ಹಾಕುವವರು ಎಷ್ಟೋ ವರ್ಷದಿಂದ ಈ ದಾರಿಯಲ್ಲೇ ಹಾಕುತ್ತಿದ್ದಾರೆ. ಎರಡನೆಯದು ಎಫ್-ಡ್ರಾಯ್ಡ್. 2010ರಿಂದ ಇರುವ ಈ ಸಂಗ್ರಹದಲ್ಲಿ ಮುಕ್ತ ಸಾಫ್ಟ್‌ವೇರ್ ಮಾತ್ರ ಇರುತ್ತದೆ, ಖಾತೆ ಬೇಡ, ಗೂಗಲ್ ಬೇಡ. ಒಮ್ಮೆ ಹಾಕಿಕೊಂಡರೆ ಅದರಿಂದ ಬಂದ ಆ್ಯಪ್‌ಗಳಿಗೆ ಹೊಸ ವರ್ಷನ್ ಬಂದಾಗ ಅದೇ ತಿಳಿಸುತ್ತದೆ. ಸ್ಟೋರ್ ಇಲ್ಲದ ಬಾಕ್ಸ್‌ಗೆ ಮೊದಲು ಹಾಕಬೇಕಾದ ಆ್ಯಪ್ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಇವೆರಡರಲ್ಲೂ ಇಲ್ಲದ ಆ್ಯಪ್ ಬೇಕಿದ್ದರೆ ಎಪಿಕೆಮಿರರ್ ಅನ್ನುವ ಡೌನ್‌ಲೋಡ್ ತಾಣ ಇದೆ. ಅಲ್ಲಿಗೆ ಬರುವ ಫೈಲಿನ ಸಹಿಯನ್ನು ಆ ಆ್ಯಪ್‌ನ ಹಿಂದಿನ ಸಹಿ ಜೊತೆ ತಾಳೆ ನೋಡಿ ಹಾಕುತ್ತಾರೆ. ಅರೋರಾ ಸ್ಟೋರ್ ಅಂತ ಒಂದು ಆ್ಯಪ್ ಇದೆ, ಅದು ಗೂಗಲ್ ಖಾತೆ ಇಲ್ಲದೆಯೇ ಪ್ಲೇ ಸ್ಟೋರ್‌ನ ಫೈಲ್ ತಂದುಕೊಡುತ್ತದೆ, ಚಿಪ್‌ಗೆ ತಕ್ಕ ಭಾಗಗಳನ್ನು ಅದೇ ಜೋಡಿಸಿ ಹಾಕುತ್ತದೆ. ಅದು ಗೂಗಲ್‌ನದ್ದಲ್ಲ, ಕೆಲವೊಮ್ಮೆ ಕೆಲಸ ಮಾಡುವುದಿಲ್ಲ. ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಹಾಕಿದ ಫೈಲ್, "ಮಾಡ್", "ಪ್ರೀಮಿಯಂ ಅನ್‌ಲಾಕ್ಡ್" ಅಂತ ಹೆಸರಿಟ್ಟು ಕೊಡುವ ಫೈಲ್, ಇವನ್ನು ದಯವಿಟ್ಟು ಮುಟ್ಟಬೇಡಿ. ದುಡ್ಡು ಕೊಟ್ಟು ನೋಡಬೇಕಾದ ಸಿನಿಮಾವನ್ನು ಕದ್ದು ತೋರಿಸುತ್ತಾರೆ ಅನ್ನುವುದು ಒಂದು ತಪ್ಪು. ಆ್ಯಪ್ ಬಿಚ್ಚಿ ಬದಲಾಯಿಸಿದ ಮೇಲೆ ಮೂಲ ಸಹಿ ಹೋಗಿರುತ್ತದೆ, ಬದಲಾಯಿಸಿದವನು ತನ್ನದೇ ಸಹಿ ಹಾಕಿರುತ್ತಾನೆ, ಇನ್ನೇನು ಸೇರಿಸಿದ್ದಾನೆ ಅಂತ ನಿಮಗೆ ಗೊತ್ತಾಗುವ ದಾರಿಯೇ ಇಲ್ಲ ಅನ್ನುವುದು ಇನ್ನೂ ದೊಡ್ಡದು. ಸರ್ಟಿಫೈಡ್ ಅಲ್ಲದ ಬಾಕ್ಸ್‌ನಲ್ಲಿ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಕೂಡ ಇರುವುದಿಲ್ಲ, ಅಂದರೆ ಯಾರೂ ತಪಾಸಣೆ ಮಾಡುತ್ತಿಲ್ಲ. ಅನುಮಾನ ಬಂದ ಫೈಲನ್ನು ಕಂಪ್ಯೂಟರಿನಿಂದ ವೈರಸ್‌ಟೋಟಲ್ ತಾಣಕ್ಕೆ ಹಾಕಿ ನೋಡಿ. ಹತ್ತಾರು ಆ್ಯಂಟಿವೈರಸ್‌ಗಳು ಒಟ್ಟಿಗೆ ನೋಡಿ ಹೇಳುತ್ತವೆ.

ಸಹಿ ಬಗ್ಗೆ ಒಂದು ಮಾತು ಸೇರಿಸಬೇಕು. ತಯಾರಕರು ಸಹಿ ಹಾಕುವುದು ತಮ್ಮ ಬಳಿ ಇರುವ ಒಂದು ಗುಟ್ಟಿನ ಡಿಜಿಟಲ್ ಕೀಲಿಯಿಂದ. ಸಹಿ ಸರಿ ಇದೆ ಅಂದರೆ ಅದೇ ಕೀಲಿಯಿಂದ ಬಂದದ್ದು ಅಂತ ಅರ್ಥ, ಅಷ್ಟೇ. ಕೀಲಿಯೇ ಕಳ್ಳರ ಕೈಗೆ ಸಿಕ್ಕರೆ? 2025ರ ಕೊನೆಯಲ್ಲಿ ಹಾಗೇ ಆಯಿತು. ಟಿವಿಗಳಲ್ಲಿ ಯೂಟ್ಯೂಬ್ ನೋಡಲು ತುಂಬ ಜನ ಹಾಕಿಕೊಂಡಿದ್ದ ಸ್ಮಾರ್ಟ್‌ಟ್ಯೂಬ್ ಆ್ಯಪ್‌ನ ಸಹಿಯ ಕೀಲಿ ಕೈತಪ್ಪಿತು, ಬೇಡದ ಕೋಡ್ ಸೇರಿದ ವರ್ಷನ್ ಹೊರಗೆ ಬಂತು. ತಯಾರಕರು ಹಳೆಯ ಕೀಲಿ ಬಿಟ್ಟು, ಹೊಸ ಕೀಲಿ ಮತ್ತು ಹೊಸ ಗುರುತಿನ ಆ್ಯಪ್ ಮಾಡಬೇಕಾಯಿತು. ಆದ್ದರಿಂದ ಹೊರಗಿನಿಂದ ಹಾಕಿದ ಆ್ಯಪ್‌ಗಳ ಸುದ್ದಿ ಆಗಾಗ ನೋಡುತ್ತಿರಬೇಕು.

ಫೈಲ್ ಬಾಕ್ಸ್‌ಗೆ ತಲುಪಿಸುವುದು ಸುಲಭದ ಭಾಗ. ಯುಎಸ್‌ಬಿ ಕಿಂಡಿ ಇದ್ದರೆ ಪೆನ್‌ಡ್ರೈವ್ ಸಾಕು. ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಕೆಲವು ಬಾಕ್ಸ್‌ಗಳಿಗೆ ಓದಲು ಬರುವುದಿಲ್ಲ, ಫ್ಯಾಟ್32 ಇಟ್ಟುಕೊಳ್ಳಿ. ಫೈರ್ ಸ್ಟಿಕ್‌ನಲ್ಲಿ ಪೆನ್‌ಡ್ರೈವ್ ನೇರವಾಗಿ ಸಿಕ್ಕಿಸಲು ಜಾಗ ಇಲ್ಲ, ಅದಕ್ಕೆ ಅಮೆಜಾನ್ ಸ್ಟೋರ್‌ನಲ್ಲೇ ಸಿಗುವ ಡೌನ್‌ಲೋಡರ್ ಅನ್ನುವ ಆ್ಯಪ್ ಹಾಕಿ ಅದರಲ್ಲಿ ವಿಳಾಸ ಟೈಪ್ ಮಾಡುತ್ತಾರೆ. ಫೋನಿನಲ್ಲಿ ಇಳಿಸಿ ಒಂದೇ ವೈಫೈನಲ್ಲಿ ಲೋಕಲ್‌ಸೆಂಡ್‌ನಂಥ ಆ್ಯಪ್ ಮೂಲಕ ಕಳಿಸುವುದೂ ಆಗುತ್ತದೆ, ರಿಮೋಟ್‌ನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುವ ಕಾಟ ತಪ್ಪುತ್ತದೆ.

ಹಳೆಯ ಬಾಕ್ಸ್‌ನ ಬ್ರೌಸರ್‌ನಲ್ಲಿ ತಾಣಗಳೇ ತೆರೆಯುತ್ತಿಲ್ಲ, "ಸುರಕ್ಷಿತವಲ್ಲ" ಅಂತ ಬರುತ್ತಿದೆ ಅಂದರೆ ಎರಡು ಕಾರಣ ಇರಬಹುದು. ಒಂದು, ಗಡಿಯಾರ. ಅಗ್ಗದ ಬಾಕ್ಸ್‌ಗಳಲ್ಲಿ ಸಮಯ ಉಳಿಸಿಕೊಳ್ಳುವ ಪುಟ್ಟ ಬ್ಯಾಟರಿ ಇರುವುದಿಲ್ಲ, ಕರೆಂಟ್ ಹೋಗಿ ಬಂದರೆ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ತಾಣ ಅಸಲಿ ಅಂತ ತೋರಿಸುವ ಡಿಜಿಟಲ್ ಪ್ರಮಾಣಪತ್ರದ ಅವಧಿ ಇನ್ನೂ ಶುರುವೇ ಆಗಿಲ್ಲ ಅಂತ ಬ್ರೌಸರ್ ತಿಳಿಯುತ್ತದೆ. ದಿನಾಂಕ ಸರಿ ಮಾಡಿದರೆ ಮುಗಿಯಿತು. ಇನ್ನೊಂದು, ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯದಾದರೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರವನ್ನು ಅದು ಗುರುತಿಸುವುದಿಲ್ಲ, ಇವತ್ತು ಬಹಳಷ್ಟು ತಾಣಗಳು ಅವರ ಪ್ರಮಾಣಪತ್ರವನ್ನೇ ಬಳಸುತ್ತವೆ. ಆಗ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇಳಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಬಾಕ್ಸ್ ಕೆಟ್ಟಿದೆ ಅಂತ ಎಸೆಯಬೇಕಿಲ್ಲ.

ಇನ್ನು ಆ ಪ್ರಸಿದ್ಧ ಸೆಟ್ಟಿಂಗ್. ಹಳೆಯ ಆಂಡ್ರಾಯ್ಡ್‌ನಲ್ಲಿ "ಅನ್‌ನೋನ್ ಸೋರ್ಸಸ್" ಅಂತ ಒಂದೇ ಸ್ವಿಚ್ ಇತ್ತು, ಆನ್ ಮಾಡಿದರೆ ಯಾವ ಆ್ಯಪ್ ಬೇಕಾದರೂ ಇನ್ನೊಂದು ಆ್ಯಪ್ ಇನ್‌ಸ್ಟಾಲ್ ಮಾಡಲು ಕೇಳಬಹುದಿತ್ತು. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಅದು ಆ್ಯಪ್ ಲೆಕ್ಕದಲ್ಲಿ ಇದೆ. ಫೈಲ್ ಮ್ಯಾನೇಜರ್‌ನಿಂದ ಹಾಕುವುದಾದರೆ ಫೈಲ್ ಮ್ಯಾನೇಜರ್‌ಗೆ ಮಾತ್ರ ಅನುಮತಿ ಕೊಡಿ, ಬ್ರೌಸರ್‌ಗೆ ಕೊಡಬೇಡಿ. ಬ್ರೌಸರ್‌ಗೆ ಕೊಟ್ಟರೆ ಯಾವುದೋ ತಾಣದಿಂದ ತಾನೇ ಇಳಿದು ಬಂದ ಫೈಲ್ ಕೂಡ "ಇನ್‌ಸ್ಟಾಲ್ ಮಾಡಲೇ?" ಅಂತ ಕೇಳುತ್ತದೆ, ಮನೆಯಲ್ಲಿ ಮಕ್ಕಳು ಸರಿ ಅಂತ ಒತ್ತಿಬಿಡುತ್ತಾರೆ. ಫೈರ್ ಟಿವಿಯಲ್ಲಿ ಈ ಸೆಟ್ಟಿಂಗ್ ಡೆವಲಪರ್ ಆಪ್ಶನ್ಸ್ ಒಳಗಿದೆ, ಆದರೆ ಆ ಮೆನುವೇ ಶುರುವಿಗೆ ಕಾಣುವುದಿಲ್ಲ. ಮೈ ಫೈರ್ ಟಿವಿ, ಅದರಲ್ಲಿ ಅಬೌಟ್, ಅಲ್ಲಿ ಸ್ಟಿಕ್‌ನ ಹೆಸರಿನ ಮೇಲೆ 7 ಸಲ ಒತ್ತಿದರೆ ತೆರೆದುಕೊಳ್ಳುತ್ತದೆ.

ಒತ್ತಿದರೂ ಆಗುತ್ತಿಲ್ಲ, "ಆ್ಯಪ್ ನಾಟ್ ಇನ್‌ಸ್ಟಾಲ್ಡ್" ಅಂತ ಒಂದೇ ಸಾಲು ಬರುತ್ತದೆ, ಕಾರಣ ಹೇಳುವುದಿಲ್ಲ. ಇಂಥ ಹೊತ್ತಿಗೆ ಎಡಿಬಿ ಕೈ ಹಿಡಿಯುತ್ತದೆ. ಇದು ಕಂಪ್ಯೂಟರಿನಿಂದ ಆಂಡ್ರಾಯ್ಡ್ ಜೊತೆ ಮಾತಾಡಲು ಗೂಗಲ್ ಕೊಡುವ ಪುಟ್ಟ ಸಾಧನ. ಡೆವಲಪರ್ ಆಪ್ಶನ್ಸ್‌ನಲ್ಲಿ ಎಡಿಬಿ ಡೀಬಗ್ಗಿಂಗ್ ಆನ್ ಮಾಡಿ, ಕಂಪ್ಯೂಟರಿನಲ್ಲಿ ಎಡಿಬಿ ಕನೆಕ್ಟ್ ಅಂತ ಬರೆದು ಬಾಕ್ಸ್‌ನ ಐಪಿ ವಿಳಾಸ ಕೊಟ್ಟರೆ 5555ನೇ ಪೋರ್ಟ್‌ನಲ್ಲಿ (ನೆಟ್‌ವರ್ಕ್‌ನಿಂದ ಬಾಕ್ಸ್‌ಗೆ ಇರುವ ಒಂದು ಬಾಗಿಲು ಅನ್ನಿ) ಅದು ಸಿಗುತ್ತದೆ. ಆಮೇಲೆ ಎಡಿಬಿ ಇನ್‌ಸ್ಟಾಲ್ ಅಂತ ಬರೆದು ಫೈಲಿನ ಹೆಸರು ಕೊಟ್ಟರೆ ಆಯಿತು. ಇದರ ದೊಡ್ಡ ಲಾಭ ಅಂದರೆ ತಪ್ಪು ಏನು ಅಂತ ನಿಖರವಾಗಿ ಹೇಳುತ್ತದೆ. ಕೊನೆಯಲ್ಲಿ "ನೋ ಮ್ಯಾಚಿಂಗ್ ಎಬಿಐಎಸ್" ಅಂತ ಬಂದರೆ ಚಿಪ್‌ಗೆ ಹೊಂದದ ಫೈಲ್. "ಓಲ್ಡರ್ ಎಸ್‌ಡಿಕೆ" ಅಂದರೆ ನಿಮ್ಮ ಆಂಡ್ರಾಯ್ಡ್ ಹಳೆಯದು. "ಮಿಸ್ಸಿಂಗ್ ಸ್ಪ್ಲಿಟ್" ಅಂದರೆ ಭಾಗಗಳು ಕಡಿಮೆ ಇವೆ. "ಅಪ್‌ಡೇಟ್ ಇನ್‌ಕಂಪ್ಯಾಟಿಬಲ್" ಅಂದರೆ ಅದೇ ಆ್ಯಪ್ ಬೇರೆ ಸಹಿಯೊಂದಿಗೆ ಈಗಾಗಲೇ ಇದೆ. ಬಿಡಿ ಭಾಗಗಳಿದ್ದರೆ ಇನ್‌ಸ್ಟಾಲ್ ಮಲ್ಟಿಪಲ್ ಅನ್ನುವ ಆದೇಶದಿಂದ ಎಲ್ಲವನ್ನೂ ಒಟ್ಟಿಗೆ ಹಾಕಬಹುದು. ಕೆಲಸ ಮುಗಿದ ಮೇಲೆ ಎಡಿಬಿ ಆಫ್ ಮಾಡಿ. ಇದು ಸುಮ್ನೆ ಹೇಳುವ ಮಾತಲ್ಲ. 2018ರ ಫೆಬ್ರವರಿಯಲ್ಲಿ ಎಡಿಬಿ ಮೈನರ್ ಅನ್ನುವ, ತಾನೇ ಹರಡುವ ದುಷ್ಟ ಸಾಫ್ಟ್‌ವೇರ್ ಇದೇ 5555ನೇ ಪೋರ್ಟ್ ತೆರೆದಿದ್ದ ಟಿವಿ ಬಾಕ್ಸ್‌ಗಳನ್ನು ಹುಡುಕಿ ಹುಡುಕಿ ಹೊಕ್ಕು, ಅವುಗಳಲ್ಲಿ ಕ್ರಿಪ್ಟೊ ಗಣಿಗಾರಿಕೆ ಮಾಡಿಸುತ್ತಿತ್ತು.

ಇನ್‌ಸ್ಟಾಲ್ ಆಯಿತು, ಆದರೆ ಹೋಮ್ ಸ್ಕ್ರೀನಿನಲ್ಲಿ ಇಲ್ಲ. ಆಂಡ್ರಾಯ್ಡ್ ಟಿವಿಯ ಹೋಮ್ ತನಗೆ ಅಂತ ಗುರುತು ಹಾಕಿಕೊಂಡ ಆ್ಯಪ್‌ಗಳನ್ನು ಮಾತ್ರ ತೋರಿಸುತ್ತದೆ. ಆ ಗುರುತಿಗೆ ಲೀನ್‌ಬ್ಯಾಕ್ ಅಂತ ಹೆಸರು, ಅದು ಮ್ಯಾನಿಫೆಸ್ಟ್‌ನಲ್ಲಿ ಇರುತ್ತದೆ. ಫೋನಿಗೆ ಮಾಡಿದ ಆ್ಯಪ್‌ನಲ್ಲಿ ಆ ಗುರುತು ಇರುವುದಿಲ್ಲ, ಹಾಗಾಗಿ ಒಳಗೆ ಕೂತಿದ್ದರೂ ಕಾಣುವುದಿಲ್ಲ. ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಗೆ ಹೋಗಿ ಅಲ್ಲಿಂದ ತೆರೆಯಬಹುದು, ಇಲ್ಲವೇ ಸೈಡ್‌ಲೋಡ್ ಲಾಂಚರ್‌ನಂಥ ಒಂದು ಆ್ಯಪ್ ಹಾಕಿಕೊಂಡರೆ ಎಲ್ಲವನ್ನೂ ಪಟ್ಟಿ ಮಾಡಿ ತೋರಿಸುತ್ತದೆ. ತೆರೆದ ಮೇಲೂ ಫೋನಿನ ಆ್ಯಪ್ ಬೆರಳಿಗೆ ಕಾಯುತ್ತಿರುತ್ತದೆ, ರಿಮೋಟ್‌ನ ಬಾಣದ ಬಟನ್‌ಗೆ ಅಲುಗಾಡುವುದಿಲ್ಲ. ಯುಎಸ್‌ಬಿ ಮೌಸ್ ಹಾಕಿದರೆ ನಡೆಯುತ್ತದೆ, ಆದರೆ ಸೋಫಾದಲ್ಲಿ ಕೂತು ಮೌಸ್ ಆಡಿಸುವುದು ಎಷ್ಟು ದಿನ ಸಾಧ್ಯ? ಡೌನ್‌ಲೋಡ್ ಪುಟದಲ್ಲಿ "ಆಂಡ್ರಾಯ್ಡ್ ಟಿವಿ" ಅಂತ ಪ್ರತ್ಯೇಕ ಫೈಲ್ ಇದೆಯಾ ಅಂತ ಮೊದಲು ನೋಡಿ, ತುಂಬ ಆ್ಯಪ್‌ಗಳಿಗೆ ಇರುತ್ತದೆ.

ಇನ್ನು ಕೆಲವು ಆ್ಯಪ್‌ಗಳು ತೆರೆದ ತಕ್ಷಣ "ಗೂಗಲ್ ಪ್ಲೇ ಸರ್ವೀಸಸ್ ಬೇಕು" ಅಂತ ಹೇಳಿ ನಿಲ್ಲುತ್ತವೆ. ಲಾಗಿನ್, ನಕ್ಷೆ, ನೋಟಿಫಿಕೇಶನ್ ಎಲ್ಲವನ್ನೂ ಗೂಗಲ್ ಮೂಲಕ ಮಾಡುವ ಆ್ಯಪ್‌ಗಳಿವು. ಮೈಕ್ರೋಜಿ ಅನ್ನುವ ಮುಕ್ತ ಬದಲಿ ಇದೆ, ಆದರೆ ಅದನ್ನು ಪೂರ್ತಿ ಕೂರಿಸಲು ಆಂಡ್ರಾಯ್ಡ್‌ನ ಒಳಗೇ ಬದಲಾವಣೆ ಬೇಕಾಗುತ್ತದೆ, ಎಲ್ಲರಿಗೂ ಹೇಳುವಂಥದ್ದಲ್ಲ.

ಜನರಿಗೆ ಅತಿ ಹೆಚ್ಚು ಬೇಸರ ತರುವುದು ಒಟಿಟಿ ಆ್ಯಪ್‌ಗಳು. ಆ್ಯಪ್ ಇನ್‌ಸ್ಟಾಲ್ ಆಗುತ್ತದೆ, ಲಾಗಿನ್ ಆಗುತ್ತದೆ, 4ಕೆ ಟಿವಿ ಇದೆ, 4ಕೆ ಪ್ಲಾನ್‌ಗೆ ದುಡ್ಡು ಕಟ್ಟಿದ್ದೀರಿ, ಚಿತ್ರ ಮಾತ್ರ ಹಳೆಯ ಸಿಡಿ ಥರ. ಇದಕ್ಕೆ ಕಾರಣ ವೈಡ್‌ವೈನ್ ಅನ್ನುವ ಗೂಗಲ್‌ನ ಕಾಪಿ ತಡೆ ವ್ಯವಸ್ಥೆ. ಅದರಲ್ಲಿ ಎಲ್1 ಅಂದರೆ ವಿಡಿಯೊ ಬಿಚ್ಚುವ ಕೆಲಸ ಪೂರ್ತಿ ಚಿಪ್‌ನ ಸುರಕ್ಷಿತ ಭಾಗದಲ್ಲಿ ನಡೆಯುತ್ತದೆ. ಎಲ್3 ಅಂದರೆ ಸಾಮಾನ್ಯ ಸಾಫ್ಟ್‌ವೇರ್‌ನಲ್ಲಿ. ಎಲ್1 ಕೀಲಿಗಳನ್ನು ಕಾರ್ಖಾನೆಯಲ್ಲೇ ಹಾಕಬೇಕು, ಹೆಸರಿಲ್ಲದ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಎಲ್3 ಮಾತ್ರ ಇರುತ್ತದೆ. ಎಲ್3 ಇದ್ದರೆ ನೆಟ್‌ಫ್ಲಿಕ್ಸ್ 480ಪಿಗಿಂತ ಮೇಲೆ ಹೋಗುವುದಿಲ್ಲ. ಅದರ ಮೇಲೆ ಅವರು ಪ್ರತಿ ಮಾಡೆಲ್‌ಗೂ ಬೇರೆಯಾಗಿ ಒಪ್ಪಿಗೆ ಕೊಡುತ್ತಾರೆ, ಹಾಗಾಗಿ ಎಲ್1 ಇದ್ದರೂ ಒಪ್ಪಿಗೆ ಇಲ್ಲದಿದ್ದರೆ ಅಷ್ಟೇ. ಯಾವ ಎಪಿಕೆ ತಂದರೂ ಇದು ಸರಿ ಹೋಗುವುದಿಲ್ಲ, ತೊಂದರೆ ಇರುವುದು ಆ್ಯಪ್‌ನಲ್ಲಿ ಅಲ್ಲ, ಹಾರ್ಡ್‌ವೇರ್‌ನಲ್ಲಿ. ಡಿಆರ್‌ಎಂ ಇನ್ಫೋ ಅನ್ನುವ ಆ್ಯಪ್ ಹಾಕಿದರೆ ನಿಮ್ಮದು ಯಾವ ಮಟ್ಟ ಅಂತ ತೋರಿಸುತ್ತದೆ. ಮನೆಯಲ್ಲಿ ಮುಖ್ಯವಾಗಿ ನೋಡುವುದು ಒಟಿಟಿಯೇ ಆಗಿದ್ದರೆ ಸರ್ಟಿಫೈಡ್ ಬಾಕ್ಸ್ ಕೊಳ್ಳಿ ಅಂತ ನಾನು ನೇರವಾಗಿ ಹೇಳುತ್ತೇನೆ. ಪೆನ್‌ಡ್ರೈವ್‌ನ ಸಿನಿಮಾ, ಮನೆಯ ಹಾರ್ಡ್ ಡಿಸ್ಕ್‌ನ ಫೋಟೊ, ಮನೆಯ ಕಂಪ್ಯೂಟರಿನಲ್ಲಿರುವ ಸಿನಿಮಾಗಳನ್ನು ಟಿವಿಗೆ ಕಳಿಸುವ ಜೆಲ್ಲಿಫಿನ್ ಸರ್ವರ್, ರೇಡಿಯೊ ಇಂಥದ್ದಕ್ಕೆ ಆದರೆ ಸ್ಟೋರ್ ಇಲ್ಲದ ಬಾಕ್ಸ್ ಧಾರಾಳ ಸಾಕು.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ವಿಷಯ. ಅಮೆಜಾನ್ ಸ್ಟೋರ್‌ನಲ್ಲಿ ಯಾವ ಆ್ಯಪ್ ಕಾಣಬೇಕು ಅನ್ನುವುದು ನಿಮ್ಮ ಖಾತೆಯ ದೇಶದ ಮೇಲೆ ನಿಂತಿದೆ, ಹಾಗಾಗಿ ಊರಿನಲ್ಲಿ ಅಪ್ಪ ಅಮ್ಮನ ಸ್ಟಿಕ್‌ನಲ್ಲಿರುವ ಆ್ಯಪ್ ನಿಮ್ಮ ಸ್ಟಿಕ್‌ನಲ್ಲಿ ಕಾಣದೆ ಇರಬಹುದು. ಎಪಿಕೆ ತಂದು ಹಾಕಿದರೆ ಆ್ಯಪ್ ಬರುತ್ತದೆ. ಆದರೆ ಕಾರ್ಯಕ್ರಮ ಯಾವ ದೇಶಕ್ಕೆ ತೋರಿಸಬೇಕು ಅಂತ ತೀರ್ಮಾನಿಸುವುದು ಆ ಕಡೆಯ ಸರ್ವರ್, ಅದು ನಿಮ್ಮ ಇಂಟರ್ನೆಟ್ ವಿಳಾಸ ನೋಡುತ್ತದೆ. ಆ್ಯಪ್ ಬಂದ ಮಾತ್ರಕ್ಕೆ ಧಾರಾವಾಹಿ ಬರುವುದಿಲ್ಲ.

ಅಪ್‌ಡೇಟ್ ಕಡೆ ಬರೋಣ. ಕೈಯಿಂದ ಹಾಕಿದ ಆ್ಯಪ್ ತಾನಾಗಿ ಹೊಸದಾಗುವುದಿಲ್ಲ, ನೀವೇ ಹೊಸ ಎಪಿಕೆ ತಂದು ಹಳೆಯದರ ಮೇಲೆ ಹಾಕಬೇಕು. ಸಹಿ ಒಂದೇ ಆಗಿದ್ದರೆ ನಿಮ್ಮ ಸೆಟ್ಟಿಂಗ್ಸ್, ಲಾಗಿನ್ ಹಾಗೇ ಉಳಿಯುತ್ತದೆ. ಎಫ್-ಡ್ರಾಯ್ಡ್‌ನಲ್ಲಿ ಹೆಚ್ಚಿನ ಆ್ಯಪ್‌ಗಳನ್ನು ಅವರೇ ತಯಾರಿಸಿ ತಮ್ಮ ಕೀಲಿಯಿಂದ ಸಹಿ ಮಾಡುತ್ತಾರೆ. ಆದ್ದರಿಂದ ಒಂದು ಆ್ಯಪ್ ಎಫ್-ಡ್ರಾಯ್ಡ್‌ನಿಂದ ಹಾಕಿದ್ದರೆ ಅದರ ಮೇಲೆ ತಯಾರಕರ ತಾಣದ ಫೈಲ್ ಕೂರದೆ ಇರಬಹುದು, ಹಳೆಯದನ್ನು ತೆಗೆದು ಹಾಕಬೇಕಾಗುತ್ತದೆ, ಆಗ ಒಳಗಿನದ್ದೆಲ್ಲ ಹೋಗುತ್ತದೆ. ಒಂದು ಆ್ಯಪ್‌ಗೆ ಒಂದೇ ಮೂಲ ಅಂತ ಇಟ್ಟುಕೊಳ್ಳಿ. ಇನ್‌ಸ್ಟಾಲ್ ಆದ ಮೇಲೆ ಎಪಿಕೆ ಫೈಲ್ ಅಳಿಸಿಬಿಡಿ, 8 ಜಿಬಿ ಬಾಕ್ಸ್‌ನಲ್ಲಿ ಆಂಡ್ರಾಯ್ಡ್ ತಿಂದು ಉಳಿಯುವ ಜಾಗ ಕಡಿಮೆ.

ಈಗ ಎಲ್ಲಕ್ಕಿಂತ ಗಂಭೀರವಾದದ್ದು. ನೀವು ಎಷ್ಟೇ ಎಚ್ಚರದಿಂದ ಆ್ಯಪ್ ಆರಿಸಿದರೂ ಬಾಕ್ಸೇ ಹಾಳಾಗಿದ್ದರೆ ಏನು ಮಾಡುವುದು? 2023ರಲ್ಲಿ ಟಿ95 ಅನ್ನುವ ಅಗ್ಗದ ಬಾಕ್ಸ್‌ನಲ್ಲಿ ಕೊಂಡಾಗಲೇ ದುಷ್ಟ ಸಾಫ್ಟ್‌ವೇರ್ ಇರುವುದು ಹೊರಬಿತ್ತು. ಆಮೇಲೆ ಬ್ಯಾಡ್‌ಬಾಕ್ಸ್ ಅಂತ ಹೆಸರಾದ ದೊಡ್ಡ ಜಾಲವೇ ಕಂಡಿತು. 2025ರ ಮಾರ್ಚ್‌ನಲ್ಲಿ ಅದರ ಎರಡನೇ ರೂಪ 10 ಲಕ್ಷಕ್ಕೂ ಹೆಚ್ಚು ಸಾಧನಗಳಲ್ಲಿ ಇದೆ ಅಂತ ಹ್ಯೂಮನ್ ಸೆಕ್ಯುರಿಟಿ ಕಂಪನಿ ಹೇಳಿತು, ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಜನರಿಗೆ ಎಚ್ಚರಿಕೆ ಕೊಟ್ಟಿತು. 2024ರಲ್ಲಿ ಡಾಕ್ಟರ್ ವೆಬ್ ಕಂಪನಿ ವಾಯ್ಡ್ ಅನ್ನುವ ಇನ್ನೊಂದನ್ನು ಸುಮಾರು 13 ಲಕ್ಷ ಬಾಕ್ಸ್‌ಗಳಲ್ಲಿ ಪತ್ತೆ ಮಾಡಿತ್ತು. ಇವು ನಿಮ್ಮ ಇಂಟರ್ನೆಟ್ ಸಂಪರ್ಕವನ್ನೇ ಬೇರೆಯವರಿಗೆ ಬಾಡಿಗೆಗೆ ಕೊಡುವಂಥ ಕೆಲಸ ಮಾಡುತ್ತವೆ, ಯಾರೋ ಮಾಡಿದ ಕೃತ್ಯ ನಿಮ್ಮ ಮನೆಯ ವಿಳಾಸದಿಂದ ನಡೆದ ಹಾಗೆ ಕಾಣುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಹೋಗುತ್ತದೆ ಅಂತ ನಂಬಬೇಡಿ, ಅವು ಫರ್ಮ್‌ವೇರ್‌ನಲ್ಲೇ, ಅಂದರೆ ಬಾಕ್ಸ್ ಜೊತೆಗೇ ಬರುವ ಮೂಲ ಸಾಫ್ಟ್‌ವೇರ್‌ನಲ್ಲೇ, ಸೇರಿರಬಹುದು.

ಹಾಗಾಗಿ ಹೆಸರಿಲ್ಲದ ಬಾಕ್ಸ್ ಮನೆಯಲ್ಲಿ ಇದ್ದೇ ಇದ್ದರೆ, ಅದನ್ನು ರೂಟರ್‌ನ ಗೆಸ್ಟ್ ವೈಫೈಗೆ ಹಾಕಿ, ಫೋನು ಕಂಪ್ಯೂಟರ್ ಇರುವ ಜಾಲದಿಂದ ದೂರ ಇರಲಿ. ನಿಮ್ಮ ಮುಖ್ಯ ಗೂಗಲ್ ಖಾತೆ, ಬ್ಯಾಂಕಿಗೆ ಸೇರಿಸಿರುವ ಇಮೇಲ್ ಅದರಲ್ಲಿ ಎಂದೂ ಹಾಕಬೇಡಿ, ಬೇಕಿದ್ದರೆ ಅದಕ್ಕೇ ಬೇರೆ ಖಾತೆ ಮಾಡಿ. ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಅಂತ ಬಾಕ್ಸ್‌ನ ಜೊತೆ ಬಂದ ಚೀಟಿಯಲ್ಲೇ ಹೇಳಿದ್ದರೆ ಅದನ್ನು ಇಟ್ಟುಕೊಳ್ಳಲೇಬೇಡಿ.

ಸರ್ಟಿಫೈಡ್ ಸಾಧನಗಳಲ್ಲಿ ಇನ್ನೊಂದು ಬದಲಾವಣೆ ಬರುತ್ತಿದೆ. ಆ್ಯಪ್ ಮಾಡುವವರು ತಾವು ಯಾರು ಅಂತ ಗೂಗಲ್‌ಗೆ ದಾಖಲೆ ಕೊಟ್ಟಿರಬೇಕು, ಕೊಡದಿದ್ದರೆ ಸ್ಟೋರ್‌ನ ಹೊರಗಿನಿಂದ ತಂದರೂ ಅವರ ಆ್ಯಪ್ ಇನ್‌ಸ್ಟಾಲ್ ಆಗುವುದಿಲ್ಲ ಅಂತ 2025ರ ಆಗಸ್ಟ್‌ನಲ್ಲಿ ಗೂಗಲ್ ಪ್ರಕಟಿಸಿತು. 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ ಶುರು ಮಾಡಿ 2027ರಿಂದ ಉಳಿದ ದೇಶಗಳಿಗೆ ತರುವುದು ಆಗ ಹೇಳಿದ ಯೋಜನೆ. ಎಫ್-ಡ್ರಾಯ್ಡ್‌ನವರು ಇದಕ್ಕೆ ಬಲವಾಗಿ ವಿರೋಧ ಮಾಡಿದರು, ಹೆಸರು ಹೇಳಲು ಇಷ್ಟಪಡದೆ ಸಣ್ಣ ಸಣ್ಣ ಒಳ್ಳೆಯ ಆ್ಯಪ್ ಮಾಡುವವರ ಕೈ ಕಟ್ಟಿದ ಹಾಗಾಗುತ್ತದೆ ಅನ್ನುವ ಅವರ ಮಾತು ನನಗೆ ಸರಿ ಅನ್ನಿಸುತ್ತದೆ. ಗೊತ್ತಿದ್ದು ಹಾಕುವವರಿಗೆ ಎಚ್ಚರಿಕೆ ತೋರಿಸಿ ಒಂದು ದಾರಿ ಬಿಡುತ್ತೇವೆ ಅಂತ 2025ರ ನವೆಂಬರ್‌ನಲ್ಲಿ ಗೂಗಲ್ ಹೇಳಿತು. ಗೂಗಲ್ ಇಲ್ಲದ ಬಾಕ್ಸ್‌ಗಳಿಗೆ, ಫೈರ್ ಓಎಸ್‌ಗೆ ಈ ನಿಯಮ ತಾಗುವುದಿಲ್ಲ. ಪ್ಲೇ ಸ್ಟೋರ್ ಇರುವ ಆಂಡ್ರಾಯ್ಡ್ ಟಿವಿ ಇದ್ದು, ಹೊರಗಿನ ಆ್ಯಪ್‌ಗಳನ್ನೂ ಬಳಸುತ್ತಿದ್ದರೆ, ಆ ತಯಾರಕರು ದಾಖಲೆ ಕೊಡುತ್ತಾರಾ ಇಲ್ಲವಾ ಅಂತ ಅವರ ತಾಣದಲ್ಲಿ ಈಗಲೇ ನೋಡಿಟ್ಟುಕೊಳ್ಳಿ.